ನೆನಪಿನ ಗಿಡದ ಎಣ್ಣೆ: ಪರಿಮಳವೆಷ್ಟು, ಪ್ರಯೋಜನವೆಷ್ಟು?

ಪರೀಕ್ಷೆ ಹತ್ತಿರ ಬಂತೆಂದರೆ ಮನೆಮನೆಯಲ್ಲೂ ಜ್ಞಾಪಕಶಕ್ತಿಯದೇ ಚಿಂತೆ. ಮಲೆನಾಡು, ಕರಾವಳಿಯ ಅಡುಗೆಮನೆಗಳಲ್ಲಿ ಒಂದೆಲಗದ ತಂಬುಳಿ ತಯಾರಾಗುತ್ತದೆ. ಇನ್ನೊಂದು ಮನೆಯಲ್ಲಿ ರಾತ್ರಿ ನೆನೆಹಾಕಿದ ಬಾದಾಮಿ ಬೆಳಿಗ್ಗೆ ಮಕ್ಕಳ ಕೈ ಸೇರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಈ ಸಾಲಿಗೆ ದೂರದೇಶದ ಗಿಡವೊಂದು ಬಂದು ಸೇರಿಕೊಂಡಿದೆ. ಅದೇ ರೋಸ್ಮರಿ. ಅದರ ಎಣ್ಣೆಯನ್ನು ಮೂಸಿದರೆ ಓದಿದ್ದು ಮರೆಯುವುದಿಲ್ಲ, ತಲೆಗೆ ಹಚ್ಚಿದರೆ ಕೂದಲು ಉದುರುವುದಿಲ್ಲ ಎಂಬ ಮಾತು ಬಾಯಿಂದ ಬಾಯಿಗೆ ಹರಡಿದೆ. ಅಂಗಡಿಗಳಲ್ಲಿ ಬೆರಳುದ್ದದ ಸೀಸೆಗಳಲ್ಲಿ ಈ ತೈಲ ಸಿಗುತ್ತಿದೆ.

ಈ ಮಾತುಗಳಲ್ಲಿ ನಿಜವೆಷ್ಟು? ವಿಜ್ಞಾನಿಗಳು ಪರೀಕ್ಷಿಸಿ ನೋಡಿದ್ದೇನು? ಮಕ್ಕಳಿರುವ ಮನೆಗೆ ಇಂಥ ಸೀಸೆಯನ್ನು ತರುವ ಮುನ್ನ ತಿಳಿದಿರಬೇಕಾದ ಸಂಗತಿಗಳು ಯಾವುವು?

ತುಳಸಿಯ ನೆಂಟ

ರೋಸ್ಮರಿ ನಮಗೆ ಹೊಸದಾದರೂ ಅದರ ಕುಲ ಹೊಸದಲ್ಲ. ತುಳಸಿ, ಪುದೀನ, ಕಾಮಕಸ್ತೂರಿ, ದೊಡ್ಡಪತ್ರೆ ಇವೆಲ್ಲ ಸೇರಿರುವ ಲೇಮಿಯೇಸಿ ಕುಟುಂಬಕ್ಕೇ ಇದೂ ಸೇರಿದೆ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಒಣ, ಕಲ್ಲುನೆಲದ ಗುಡ್ಡಗಳು ಇದರ ತವರು. ಲ್ಯಾಟಿನ್ ಭಾಷೆಯಲ್ಲಿ ಇದರ ಹೆಸರಿಗೆ 'ಕಡಲ ಇಬ್ಬನಿ' ಎಂಬ ಅರ್ಥವಿದೆ. 1753ರಲ್ಲಿ ಲಿನೇಯಸ್ ಇದಕ್ಕೆ ರೋಸ್ಮರೈನಸ್ ಅಫಿಸಿನ್ಯಾಲಿಸ್ ಎಂದು ನಾಮಕರಣ ಮಾಡಿದ. ಡಿಎನ್‌ಎ ಅಧ್ಯಯನಗಳ ಆಧಾರದ ಮೇಲೆ 2017ರಲ್ಲಿ ಸಸ್ಯಶಾಸ್ತ್ರಜ್ಞರು ಇದನ್ನು ಸಾಲ್ವಿಯಾ ಕುಲಕ್ಕೆ ಸೇರಿಸಿ ಸಾಲ್ವಿಯಾ ರೋಸ್ಮರೈನಸ್ ಎಂದು ಕರೆದರು. ಸೀಸೆಗಳ ಮೇಲೆ ಇಂದಿಗೂ ಹಳೆಯ ಹೆಸರೇ ಹೆಚ್ಚಾಗಿ ಕಾಣಿಸುತ್ತದೆ. ಎರಡೂ ಒಂದೇ ಗಿಡ.

ಇದರ ಎಲೆ ಸೂಜಿಯಂತೆ ಸಣ್ಣಗೆ, ಗಡುಸಾಗಿರುತ್ತದೆ. ಅಂಚುಗಳು ಕೆಳಕ್ಕೆ ಮಡಚಿಕೊಂಡಿದ್ದು ಅಡಿಭಾಗದಲ್ಲಿ ಬಿಳಿಯ ನವಿರು ರೋಮಗಳಿರುತ್ತವೆ. ಬಿಸಿಲುನಾಡಿನಲ್ಲಿ ನೀರು ಆವಿಯಾಗಿ ಹೋಗದಂತೆ ಗಿಡ ಮಾಡಿಕೊಂಡಿರುವ ಏರ್ಪಾಡು ಇದು. ಎಲೆಯ ಮೇಲಿನ ಅತಿ ಸೂಕ್ಷ್ಮವಾದ ಗ್ರಂಥಿಗಳಲ್ಲಿ ಸುಗಂಧ ತೈಲ ತುಂಬಿರುತ್ತದೆ. ಎಲೆಯನ್ನು ಬೆರಳಲ್ಲಿ ಉಜ್ಜಿದರೆ ಈ ಗ್ರಂಥಿಗಳು ಒಡೆದು ಘಮ್ಮೆನ್ನುತ್ತದೆ. ನಮ್ಮ ಮೂಗಿಗೆ ಹಿತವಾದ ಈ ವಾಸನೆ ಗಿಡಕ್ಕೆ ಆತ್ಮರಕ್ಷಣೆಯ ಆಯುಧ. ಎಲೆ ತಿನ್ನಲು ಬರುವ ಕೀಟಗಳನ್ನೂ ಪ್ರಾಣಿಗಳನ್ನೂ ದೂರವಿಡುವುದು ಅದರ ಕೆಲಸ. ಕೀಟಗಳ ಮೇಲಿನ ಈ ಗುಣದಿಂದಾಗಿಯೇ ಅಮೆರಿಕದಲ್ಲಿ ರೋಸ್ಮರಿ ತೈಲವನ್ನು ಕಡಿಮೆ ಅಪಾಯದ ಕೀಟನಾಶಕ ವಸ್ತುಗಳ ಪಟ್ಟಿಗೆ ಸೇರಿಸಲಾಗಿದೆ.

ನೆನಪಿಗೂ ಈ ಗಿಡಕ್ಕೂ ನಂಟು ಬೆಸೆದದ್ದು ಯುರೋಪಿನ ಜನ. ಪ್ರಾಚೀನ ಗ್ರೀಸಿನ ವಿದ್ಯಾರ್ಥಿಗಳು ರೋಸ್ಮರಿಯ ಮಾಲೆ ಧರಿಸಿ ಓದುತ್ತಿದ್ದರೆಂಬ ಕಥೆ ಪ್ರಚಾರದಲ್ಲಿದೆ. ಶೇಕ್ಸ್‌ಪಿಯರ್‌ನ 'ಹ್ಯಾಮ್ಲೆಟ್' ನಾಟಕದ ಒಫೀಲಿಯಾ ಇದನ್ನು ನೆನಪಿನ ಗಿಡವೆಂದೇ ಹೇಳುತ್ತಾಳೆ. ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 25ರಂದು, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಸೈನಿಕರು ಟರ್ಕಿಯ ಗಲಿಪೊಲಿಯಲ್ಲಿ ಇಳಿದರು. ಅಲ್ಲಿ ಅನೇಕರು ಪ್ರಾಣ ಕಳೆದುಕೊಂಡರು. ಆ ನೆಲದಲ್ಲಿ ರೋಸ್ಮರಿ ಕಾಡುಗಿಡವಾಗಿ ಬೆಳೆಯುತ್ತದೆ. ಇಂದಿಗೂ ಪ್ರತಿ ವರ್ಷ ಆ ದಿನ ಆಸ್ಟ್ರೇಲಿಯಾದ ಜನ ಅಂಗಿಗೆ ರೋಸ್ಮರಿಯ ಚಿಕ್ಕ ರೆಂಬೆ ಸಿಕ್ಕಿಸಿಕೊಂಡು ಮಡಿದವರನ್ನು ಸ್ಮರಿಸುತ್ತಾರೆ. ಆದರೆ ಮಡಿದವರನ್ನು ಮರೆಯದಿರುವುದೇ ಬೇರೆ, ರಸಾಯನಶಾಸ್ತ್ರದ ಸೂತ್ರ ಮರೆಯದಿರುವುದೇ ಬೇರೆ. ಮೊದಲನೆಯದು ಸಂಪ್ರದಾಯ. ಎರಡನೆಯದಕ್ಕೆ ಪ್ರಯೋಗದ ಪುರಾವೆ ಬೇಕು.

ಭಾರತದಲ್ಲಿ ರೋಸ್ಮರಿಯನ್ನು ಮುಖ್ಯವಾಗಿ ನೀಲಗಿರಿಯ ತಂಪು ಬೆಟ್ಟಗಳಲ್ಲಿ ಬೆಳೆಯುತ್ತಾರೆ. ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆಯ ಬೆಂಗಳೂರು ಕೇಂದ್ರ ದಕ್ಷಿಣದ ಒಣಹವೆಯಲ್ಲಿ ಇದರ ಕೃಷಿಯ ಬಗ್ಗೆ ಪ್ರಯೋಗಗಳನ್ನು ನಡೆಸಿದೆ. ನೀರು ನಿಲ್ಲದ ಮಣ್ಣು, ಒಳ್ಳೆಯ ಬಿಸಿಲು ಇದ್ದರೆ ಮನೆಯ ಕುಂಡದಲ್ಲೂ ಇದು ಬೆಳೆಯುತ್ತದೆ.

ಎಲೆಯಿಂದ ಸೀಸೆಗೆ

ಕೊಬ್ಬರಿ ಎಣ್ಣೆಯಂತೆ ಈ ಎಣ್ಣೆಯನ್ನು ಗಾಣಕ್ಕೆ ಹಾಕಿ ತೆಗೆಯಲಾಗುವುದಿಲ್ಲ. ಮೈಸೂರಿನ ಶ್ರೀಗಂಧದೆಣ್ಣೆಯಂತೆ ಇದನ್ನೂ ಹಬೆಯಿಂದ ಬಟ್ಟಿ ಇಳಿಸುತ್ತಾರೆ. ದೊಡ್ಡ ಪಾತ್ರೆಯಲ್ಲಿ ಎಲೆ, ರೆಂಬೆಗಳನ್ನು ತುಂಬಿ ಕೆಳಗಿನಿಂದ ಹಬೆ ಹಾಯಿಸುತ್ತಾರೆ. ಹಬೆ ಎಲೆಯ ಗ್ರಂಥಿಗಳಲ್ಲಿರುವ ತೈಲವನ್ನು ಹೊತ್ತುಕೊಂಡು ಮೇಲೇರುತ್ತದೆ. ತಣ್ಣೀರಿನಲ್ಲಿ ಮುಳುಗಿಸಿದ ಕೊಳವೆಯ ಮೂಲಕ ಹಾಯುವಾಗ ಅದು ಮತ್ತೆ ದ್ರವವಾಗುತ್ತದೆ. ತೈಲ ನೀರಿಗಿಂತ ಹಗುರವಾದ್ದರಿಂದ ಮೇಲೆ ತೇಲುತ್ತದೆ. ಅದನ್ನು ಬೇರ್ಪಡಿಸಿ ಸೀಸೆಗೆ ತುಂಬುತ್ತಾರೆ.

ಇಲ್ಲಿ ವಿಜ್ಞಾನದ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಏಳಬೇಕು. ಈ ತೈಲದ ಮುಖ್ಯ ಅಂಶವಾದ ಸಿನಿಯೋಲ್ ಕುದಿಯುವುದು ಸುಮಾರು 176 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕರ್ಪೂರ ಕುದಿಯಲು 200 ಡಿಗ್ರಿಗೂ ಹೆಚ್ಚು ಬೇಕು. ಹಾಗಿರುವಾಗ 100 ಡಿಗ್ರಿಯ ಹಬೆಯಲ್ಲಿ ಇವು ಹೇಗೆ ಹೊರಬರುತ್ತವೆ? ಉತ್ತರ ಆವಿಯ ಒತ್ತಡದಲ್ಲಿದೆ. ಒಂದರಲ್ಲೊಂದು ಬೆರೆಯದ ಎರಡು ದ್ರವಗಳು ಜೊತೆಗಿದ್ದಾಗ ಪ್ರತಿಯೊಂದೂ ತನ್ನ ಪಾಲಿನ ಆವಿಯ ಒತ್ತಡವನ್ನು ಬೀರುತ್ತದೆ. ಎರಡರ ಮೊತ್ತ ವಾತಾವರಣದ ಒತ್ತಡಕ್ಕೆ ಸಮನಾದ ಕೂಡಲೇ ಮಿಶ್ರಣ ಕುದಿಯತೊಡಗುತ್ತದೆ. ಆದ್ದರಿಂದ ನೀರು ಮತ್ತು ತೈಲ ಒಟ್ಟಿಗೆ 100 ಡಿಗ್ರಿಗಿಂತ ಸ್ವಲ್ಪ ಕಡಿಮೆ ಉಷ್ಣತೆಯಲ್ಲೇ ಆವಿಯಾಗಿ ಹೊರಡುತ್ತವೆ. ತೈಲ ಸುಟ್ಟು ಕೆಡುವುದಿಲ್ಲ.

ಸಿಗುವ ತೈಲ ಮಾತ್ರ ಬಹಳ ಕಡಿಮೆ. ಔಷಧಿಗೆ ಬಳಸುವ ಒಣಗಿದ ರೋಸ್ಮರಿ ಎಲೆಯ ಒಂದು ಕಿಲೋದಲ್ಲಿ ಕನಿಷ್ಠ 12 ಮಿಲಿಲೀಟರ್ ತೈಲವಿರಬೇಕೆಂದು ಯುರೋಪಿನ ಔಷಧಕೋಶ ಹೇಳುತ್ತದೆ. ಅಂದರೆ ಎರಡೂವರೆ ಚಹಾ ಚಮಚೆಯಷ್ಟು ತೈಲಕ್ಕೆ ಒಂದು ಕಿಲೋ ಒಣ ಎಲೆ. ಅಡುಗೆಗೆ ಹಾಕುವ ನಾಲ್ಕೆಲೆಯ ಲೆಕ್ಕವನ್ನು ಸೀಸೆಯ ತೈಲಕ್ಕೆ ಅನ್ವಯಿಸುವಂತಿಲ್ಲ ಎಂಬುದು ಇದರಿಂದಲೇ ಸ್ಪಷ್ಟ.

ಸೀಸೆಯಲ್ಲಿ ಏನಿದೆ?

ರೋಸ್ಮರಿ ತೈಲ ಒಂದೇ ವಸ್ತುವಲ್ಲ, ಹಲವು ವಸ್ತುಗಳ ಮಿಶ್ರಣ. ಅವುಗಳಲ್ಲಿ ಮೂರು ಮುಖ್ಯ. ಮೊದಲನೆಯದು ಸಿನಿಯೋಲ್. ನೀಲಗಿರಿ ತೈಲದ ತಂಪು ವಾಸನೆಗೆ ಕಾರಣವಾದ ವಸ್ತುವೂ ಇದೇ. ಎರಡನೆಯದು ಕರ್ಪೂರ. ಮೂರನೆಯದು ಪೈನ್ ಮರದ ವಾಸನೆಯ ಪೈನೀನ್.

ಗಿಡ ಬೆಳೆದ ದೇಶ ಬದಲಾದರೆ ಈ ಪ್ರಮಾಣವೂ ಬದಲಾಗುತ್ತದೆ. ಔಷಧಕೋಶದ ಪ್ರಕಾರ ಸ್ಪೇನ್ ಮಾದರಿಯ ತೈಲದಲ್ಲಿ ಕರ್ಪೂರ ಶೇ. 13ರಿಂದ 21, ಸಿನಿಯೋಲ್ ಶೇ. 16ರಿಂದ 25 ಇರುತ್ತದೆ. ಮೊರಾಕೊ ಮತ್ತು ಟ್ಯುನೀಷಿಯಾ ಮಾದರಿಯಲ್ಲಿ ಕರ್ಪೂರ ಶೇ. 5ರಿಂದ 15, ಸಿನಿಯೋಲ್ ಶೇ. 38ರಿಂದ 55. ಹೆಸರು ಒಂದೇ ಆದರೂ ಎರಡು ಸೀಸೆಗಳು ಒಂದೇ ಅಲ್ಲ.

ಜನರು ಗಮನಿಸದ ಇನ್ನೊಂದು ಸಂಗತಿಯಿದೆ. ರೋಸ್ಮರಿಯಲ್ಲಿ ಉತ್ಕರ್ಷಣ ನಿರೋಧಕಗಳು, ಅಂದರೆ ಆಂಟಿಆಕ್ಸಿಡೆಂಟುಗಳು ಹೇರಳವಾಗಿವೆ ಎಂದು ಹೇಳುವುದುಂಟು. ಅದು ನಿಜ. ಕಾರ್ನೋಸಿಕ್ ಆಮ್ಲ, ರೋಸ್ಮರಿನಿಕ್ ಆಮ್ಲ ಎಂಬ ಆ ವಸ್ತುಗಳು ಎಲೆಯಲ್ಲಿವೆ. ಖಾದ್ಯತೈಲ, ತಿನಿಸುಗಳು ಕಮಟು ಹಿಡಿಯದಂತೆ ರೋಸ್ಮರಿಯ ಸತ್ವವನ್ನು ಬೆರೆಸುವುದು ಅದಕ್ಕಾಗಿಯೇ. ಯುರೋಪಿನಲ್ಲಿ ಆ ಸತ್ವದ ಸಂಕೇತ ಇ 392. ಆದರೆ ಈ ಆಮ್ಲಗಳು ಹಬೆಯ ಜೊತೆ ಮೇಲೇರುವಂಥವಲ್ಲ. ಬಟ್ಟಿ ಇಳಿಸಿದಾಗ ಅವು ಪಾತ್ರೆಯಲ್ಲೇ ಉಳಿಯುತ್ತವೆ. ಎಲೆಯ ಗುಣವನ್ನೆಲ್ಲ ಎಣ್ಣೆಗೆ ಆರೋಪಿಸುವುದು ತಪ್ಪು. ಎಲೆಯನ್ನು ನೀರಲ್ಲಿ ಕುದಿಸಿ ತಲೆಗೆ ಸಿಂಪಡಿಸಿಕೊಳ್ಳುವ ಕಷಾಯವೂ ಅಷ್ಟೇ. ಅದರಲ್ಲಿ ನೀರಿನಲ್ಲಿ ಕರಗುವ ಅಂಶಗಳು ಹೆಚ್ಚು, ಸುಗಂಧ ತೈಲ ಅತ್ಯಲ್ಪ.

ಮೂಸಿದರೆ ನೆನಪು ಹೆಚ್ಚುವುದೇ?

ವಾಸನೆಗೂ ನೆನಪಿಗೂ ಮಿದುಳಿನಲ್ಲಿ ಹತ್ತಿರದ ದಾರಿಯಿದೆ. ಕಣ್ಣು, ಕಿವಿಗಳ ಸಂದೇಶ ಥಲಾಮಸ್ ಎಂಬ ಭಾಗವನ್ನು ಹಾದು ಮುಂದೆ ಹೋಗುತ್ತದೆ. ಮೂಗಿನ ಸಂದೇಶ ಹಾಗಲ್ಲ. ಅದು ಭಾವನೆ ಮತ್ತು ನೆನಪಿಗೆ ಸಂಬಂಧಿಸಿದ ಭಾಗಗಳನ್ನು ಹೆಚ್ಚು ನೇರವಾಗಿ ತಲುಪುತ್ತದೆ. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆ ಬಾಲ್ಯದ ದಿನಗಳನ್ನು ಕಣ್ಣೆದುರು ತಂದು ನಿಲ್ಲಿಸುವುದು ಇದರಿಂದಲೇ.

ಇಂಗ್ಲೆಂಡಿನ ನಾರ್ಥಂಬ್ರಿಯಾ ವಿಶ್ವವಿದ್ಯಾಲಯದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 144 ಮಂದಿ ಭಾಗವಹಿಸಿದ್ದರು. ಅವರನ್ನು ಮೂರು ಗುಂಪು ಮಾಡಿ ರೋಸ್ಮರಿಯ ಪರಿಮಳವಿದ್ದ, ಲ್ಯಾವೆಂಡರಿನ ಪರಿಮಳವಿದ್ದ ಮತ್ತು ಯಾವ ಪರಿಮಳವೂ ಇಲ್ಲದ ಕೋಣೆಗಳಲ್ಲಿ ಕೂರಿಸಿ ಕಂಪ್ಯೂಟರಿನ ಮೂಲಕ ಪರೀಕ್ಷೆ ನಡೆಸಲಾಯಿತು. ರೋಸ್ಮರಿ ಗುಂಪಿನವರ ನೆನಪಿನ ಗುಣಮಟ್ಟ ಪರಿಮಳವಿಲ್ಲದ ಗುಂಪಿಗಿಂತ ಉತ್ತಮವಾಗಿತ್ತು. ಆದರೆ ನೆನಪಿಸಿಕೊಳ್ಳುವ ವೇಗ ಕಡಿಮೆಯಾಗಿತ್ತು! ಜಾಹೀರಾತುಗಳಲ್ಲಿ ಮೊದಲ ಅರ್ಧ ಮಾತ್ರ ಕಾಣಿಸುತ್ತದೆ. ಗಂಟೆ ಬಾರಿಸುವುದರೊಳಗೆ ಉತ್ತರ ಬರೆದು ಮುಗಿಸಬೇಕಾದ ವಿದ್ಯಾರ್ಥಿಗೆ ಎರಡನೆಯ ಅರ್ಧವೂ ಮುಖ್ಯವೇ.

ಅದೇ ವಿಶ್ವವಿದ್ಯಾಲಯದ ಇನ್ನೊಂದು ಅಧ್ಯಯನ 2012ರಲ್ಲಿ ಬಂತು. ಪರಿಮಳವಿದ್ದ ಕೋಣೆಯಲ್ಲಿ ಕುಳಿತ 20 ಮಂದಿಯ ರಕ್ತದಲ್ಲಿ ಸಿನಿಯೋಲ್ ಪತ್ತೆಯಾಯಿತು. ಅದರ ಪ್ರಮಾಣ ಹೆಚ್ಚಿದ್ದವರು ಲೆಕ್ಕ ಮಾಡುವುದೇ ಮೊದಲಾದ ಪರೀಕ್ಷೆಗಳಲ್ಲಿ ಮೇಲಾಗಿದ್ದರು. ಮೂಸಿದ ವಸ್ತು ರಕ್ತವನ್ನು ಸೇರುತ್ತದೆ ಎಂಬುದು ಇದರಿಂದ ಖಚಿತವಾಯಿತು. ಆದರೆ 20 ಮಂದಿ ಎಂಬುದು ಚಿಕ್ಕ ಸಂಖ್ಯೆ. ಅಲ್ಲದೆ ಪರಿಮಳದ ಪ್ರಯೋಗಗಳಿಗೆ ಒಂದು ತೊಡಕಿದೆ. ಮಾತ್ರೆಯಾದರೆ ನಿಜವಾದದ್ದೋ ಸಕ್ಕರೆಯದೋ ಎಂದು ತಿಳಿಯದಂತೆ ಕೊಡಬಹುದು. ವಾಸನೆಯನ್ನು ಮೂಗಿನಿಂದ ಬಚ್ಚಿಡುವುದು ಕಷ್ಟ.

ಹೆಚ್ಚು ಕೊಟ್ಟರೆ ಹೆಚ್ಚು ಲಾಭವೆಂಬ ನಂಬಿಕೆಗೆ ಉತ್ತರವೂ 2012ರಲ್ಲೇ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿದೆ. ಸರಾಸರಿ 75 ವರ್ಷದ 28 ಹಿರಿಯರಿಗೆ ರೋಸ್ಮರಿ ಎಲೆಯ ಪುಡಿಯನ್ನು ಬೇರೆಬೇರೆ ಪ್ರಮಾಣದಲ್ಲಿ ಕೊಡಲಾಯಿತು. ಗಮನಿಸಿ, ಇದು ಎಲೆಯ ಪುಡಿ, ಎಣ್ಣೆಯಲ್ಲ. 750 ಮಿಲಿಗ್ರಾಂ ತೆಗೆದುಕೊಂಡಾಗ ನೆನಪಿಸಿಕೊಳ್ಳುವ ವೇಗ ಸುಧಾರಿಸಿತು. 6000 ಮಿಲಿಗ್ರಾಂ ತೆಗೆದುಕೊಂಡಾಗ ಅದು ಕುಂಠಿತವಾಯಿತು.

ಹಾಗಾದರೆ ನೆನಪನ್ನು ಗಟ್ಟಿ ಮಾಡುವ ಖಚಿತ ಉಪಾಯ ಇಲ್ಲವೇ? ಇದೆ, ಅದಕ್ಕೆ ಖರ್ಚೂ ಇಲ್ಲ. ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ಎರಡು ಸಲ ಓದಿದರು. ಉಳಿದವರು ಒಂದು ಸಲ ಓದಿ, ಎರಡನೆಯ ಸಲ ಪುಸ್ತಕ ಮುಚ್ಚಿ ನೆನಪಾದದ್ದನ್ನೆಲ್ಲ ಬರೆದರು. ಒಂದು ವಾರದ ನಂತರ ನೋಡಿದರೆ, ಎರಡು ಸಲ ಓದಿದವರಿಗೆ ಪಾಠದ ಶೇ. 42 ಭಾಗ ನೆನಪಿತ್ತು. ಪುಸ್ತಕ ಮುಚ್ಚಿ ಬರೆದವರಿಗೆ ಶೇ. 56. ಓದಿದ್ದನ್ನು ಒಪ್ಪಿಸಲು ಹೇಳುತ್ತಿದ್ದ ಹಿಂದಿನ ಮೇಷ್ಟ್ರುಗಳ ಪದ್ಧತಿಗೆ ಇದು ಬೆಂಬಲವೇ ಸರಿ. ಇದರ ಜೊತೆ ಸಾಕಷ್ಟು ನಿದ್ರೆಯೂ ಬೇಕು. ಓದುವ ಕೋಣೆಯಲ್ಲಿ ರೋಸ್ಮರಿಯ ತೆಳುವಾದ ಪರಿಮಳ ಹಿತವೆನಿಸಿದರೆ ದೊಡ್ಡ ಮಕ್ಕಳಿಗೆ ಅಡ್ಡಿಯಿಲ್ಲ. ಅದು ಓದಿನ ಬದಲಿಗೆ ನಿಲ್ಲಲಾರದು.

ಕೂದಲಿನ ಮಾತು

ಕೂದಲಿಗೆ ಸಂಬಂಧಿಸಿದ ಪುರಾವೆಯೂ ಇಷ್ಟೇ ಎಚ್ಚರದಿಂದ ಓದಬೇಕಾದದ್ದು. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಲೆಯಲ್ಲಿ ಅಲ್ಲಲ್ಲಿ ದುಂಡಗೆ ಕೂದಲು ಉದುರುವ ತೊಂದರೆಯಿದ್ದ 86 ಮಂದಿಯಿದ್ದರು. ರೋಸ್ಮರಿ, ಲ್ಯಾವೆಂಡರ್, ಥೈಮ್, ಸೀಡರ್ ಈ ನಾಲ್ಕು ತೈಲಗಳನ್ನು ಬೇರೆ ಎಣ್ಣೆಯಲ್ಲಿ ಬೆರೆಸಿ ದಿನವೂ ತಿಕ್ಕಿಕೊಂಡವರಲ್ಲಿ ಶೇ. 44 ಮಂದಿಗೆ ಗುಣ ಕಂಡಿತು. ಬರೀ ಎಣ್ಣೆ ತಿಕ್ಕಿಕೊಂಡವರಲ್ಲಿ ಶೇ. 15 ಮಂದಿಗೆ. ನಾಲ್ಕು ತೈಲಗಳ ಪೈಕಿ ಕೆಲಸ ಮಾಡಿದ್ದು ಯಾವುದೆಂದು ಇದರಿಂದ ಹೇಳಲಾಗದು.

ಇರಾನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಆನುವಂಶಿಕವಾಗಿ ಕೂದಲು ಉದುರುತ್ತಿದ್ದ 100 ಮಂದಿಯನ್ನು ಕುರಿತದ್ದು. ಅರ್ಧದಷ್ಟು ಮಂದಿ ರೋಸ್ಮರಿ ತೈಲವನ್ನೂ ಉಳಿದರ್ಧ ಮಂದಿ ಶೇ. 2ರ ಮಿನಾಕ್ಸಿಡಿಲ್ ಎಂಬ ಔಷಧವನ್ನೂ ಬಳಸಿದರು. ಮೂರು ತಿಂಗಳಾದಾಗ ಎರಡೂ ಗುಂಪಿನಲ್ಲಿ ಗಣನೀಯ ಬದಲಾವಣೆ ಕಾಣಲಿಲ್ಲ. ಆರು ತಿಂಗಳಿಗೆ ಎರಡರಲ್ಲೂ ಕೂದಲಿನ ಸಂಖ್ಯೆ ಹೆಚ್ಚಿತ್ತು. ಈ ಫಲಿತಾಂಶ ಆಶಾದಾಯಕವೇನೋ ಹೌದು. ಆದರೆ ಔಷಧವಿಲ್ಲದ ಬರಿಯ ದ್ರಾವಣ ಹಚ್ಚಿಕೊಂಡ ಮೂರನೆಯ ಗುಂಪು ಅಲ್ಲಿರಲಿಲ್ಲ. ಒಂದು ವಾರದಲ್ಲಿ ಫಲವೆಂದು ಹೇಳುವ ಜಾಹೀರಾತನ್ನು ನಂಬಬಾರದೆಂಬುದಕ್ಕಂತೂ ಈ ಆರು ತಿಂಗಳ ಲೆಕ್ಕವೇ ಸಾಕು.

ಹದಿಹರೆಯದವರ ಕೂದಲು ಉದುರಲು ರಕ್ತಹೀನತೆ, ಥೈರಾಯ್ಡ್ ತೊಂದರೆ, ಜ್ವರದ ನಂತರದ ನಿಶ್ಶಕ್ತಿ, ಊಟ ಬಿಡುವುದು ಮುಂತಾದ ಕಾರಣಗಳಿರಬಹುದು. ಕಾರಣ ಹುಡುಕದೆ ಎಣ್ಣೆ ಬದಲಿಸುತ್ತ ಹೋದರೆ ರೋಗ ಅಲ್ಲಿಯೇ ಉಳಿಯುತ್ತದೆ.

ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಈ ತೈಲವನ್ನು ಸ್ನಾಯು ಮತ್ತು ಕೀಲುಗಳ ಸಣ್ಣಪುಟ್ಟ ನೋವಿಗೆ ಹೊರಲೇಪವಾಗಿ ಬಳಸಬಹುದೆಂದು ಒಪ್ಪಿದೆ. ಆ ಒಪ್ಪಿಗೆಗೆ ಆಧಾರ ದೀರ್ಘಕಾಲದ ರೂಢಿಯೇ ಹೊರತು ದೊಡ್ಡ ಪ್ರಯೋಗಗಳಲ್ಲ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಅದು ಈ ತೈಲವನ್ನು ಶಿಫಾರಸು ಮಾಡಿಲ್ಲ.

ಮಕ್ಕಳಿರುವ ಮನೆಯಲ್ಲಿ

ತಾಯಿತಂದೆಯರು ಎಲ್ಲಕ್ಕಿಂತ ಮುಖ್ಯವಾಗಿ ತಿಳಿಯಬೇಕಾದದ್ದು ಇದು. ಗಿಡದಿಂದ ಬಂದದ್ದೆಲ್ಲ ನಿರಪಾಯಕಾರಿ ಎಂಬುದು ಸುಳ್ಳು. ಕರ್ಪೂರ ಹೊಟ್ಟೆಗೆ ಹೋದರೆ ಸೆಳವು, ಅಂದರೆ ಫಿಟ್ಸ್ ಬರಿಸಬಲ್ಲ ವಸ್ತು. ಚಿಕ್ಕ ಮಕ್ಕಳಿಗೆ ಅದರ ಸ್ವಲ್ಪ ಪ್ರಮಾಣವೂ ಅಪಾಯಕಾರಿ. ಸಿನಿಯೋಲ್ ಕೂಡ ಹಸುಗೂಸುಗಳ ಉಸಿರಾಟಕ್ಕೆ ತೊಂದರೆ ಕೊಡಬಲ್ಲದು. ಶೀತವಾಗಿದೆ ಎಂದು ಮಗುವಿನ ಮೂಗಿನ ಬಳಿ ಇಂಥ ತೈಲ ಸವರುವುದು, ದಿಂಬಿಗೆ ಹನಿಸುವುದು ಸಲ್ಲದು.

ದೊಡ್ಡವರಿಗೂ ಇದು ಅನ್ವಯಿಸುತ್ತದೆ. ಬೆಂಗಳೂರಿನ ವೈದ್ಯರೂ ಸೇರಿ ದಕ್ಷಿಣ ಭಾರತದ ನಾಲ್ಕು ಆಸ್ಪತ್ರೆಗಳಲ್ಲಿ ನಡೆಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಸೆಳವಿನ ತೊಂದರೆಯಿಂದ ಬಂದ 350 ವಯಸ್ಕರಲ್ಲಿ 55 ಮಂದಿಯ ಸೆಳವಿಗೆ ನೀಲಗಿರಿ ತೈಲ ಮತ್ತು ಕರ್ಪೂರವಿದ್ದ ಪದಾರ್ಥಗಳೊಂದಿಗೆ ಸಂಬಂಧವಿದೆ ಎಂದು ವೈದ್ಯರು ಕಂಡುಕೊಂಡರು. ಅಲ್ಲಿ ರೋಸ್ಮರಿಯ ಮಾತು ಬಂದಿಲ್ಲ. ಆದರೆ ನೀಲಗಿರಿಯ ಸಿನಿಯೋಲ್ ಮತ್ತು ಕರ್ಪೂರ ಇವೆರಡೂ ರೋಸ್ಮರಿ ತೈಲದಲ್ಲಿವೆ. ಮೂರ್ಛೆರೋಗವಿರುವವರು ಇದರಿಂದ ದೂರವಿರುವುದೇ ಕ್ಷೇಮ. ಗರ್ಭಿಣಿಯರು ವೈದ್ಯರನ್ನು ಕೇಳದೆ ಬಳಸಬಾರದು.

ತೈಲವನ್ನು ನೇರವಾಗಿ ಚರ್ಮಕ್ಕೆ ಹಚ್ಚಿದರೆ ಉರಿ, ಕಜ್ಜಿ ಏಳಬಹುದು. ದೊಡ್ಡವರು ತಲೆಗೆ ಹಚ್ಚುವುದಾದರೆ ಶೇ. 1ರಷ್ಟು ಸಾಕು. ಲೆಕ್ಕ ಸುಲಭ: 99 ಮಿಲಿಲೀಟರ್ ಕೊಬ್ಬರಿ ಎಣ್ಣೆಗೆ 1 ಮಿಲಿಲೀಟರ್ ತೈಲ. ಸೀಸೆಯ ಬಾಯಿಯ ಅಳತೆಗೆ ತಕ್ಕಂತೆ ಹನಿಯ ಗಾತ್ರ ಬದಲಾಗುವುದರಿಂದ ಹನಿ ಎಣಿಸುವುದಕ್ಕಿಂತ ಗೆರೆಯಿರುವ ಡ್ರಾಪರಿನಲ್ಲಿ ಅಳೆಯುವುದು ಮೇಲು. ಮೊದಲು ಮೊಣಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ಕಾಯಬೇಕು. ಸ್ನಾನದ ನೀರಿಗೆ ಹನಿಸಿದರೆ ಅದು ಬೆರೆಯದೆ ಮೇಲೆ ತೇಲಿ ಹಾಗೆಯೇ ಚರ್ಮಕ್ಕೆ ತಾಗುತ್ತದೆ.

ಗಾಳಿ, ಬೆಳಕು ತಾಗಿದಂತೆ ತೈಲದಲ್ಲಿರುವ ವಸ್ತುಗಳು ಆಮ್ಲಜನಕದೊಂದಿಗೆ ವರ್ತಿಸಿ ಬದಲಾಗುತ್ತವೆ. ಹಳೆಯ ತೈಲ ಚರ್ಮವನ್ನು ಹೆಚ್ಚು ಕೆರಳಿಸುತ್ತದೆ. ಆದ್ದರಿಂದ ಕಂದುಬಣ್ಣದ ಗಾಜಿನ ಸೀಸೆಯಲ್ಲಿ, ಬಿಗಿಯಾಗಿ ಮುಚ್ಚಿ, ತಂಪು ಜಾಗದಲ್ಲಿ, ಮಕ್ಕಳ ಕೈಗೆಟುಕದಂತೆ ಇಡಬೇಕು. ಬೇಗ ಬೆಂಕಿ ಹೊತ್ತಿಕೊಳ್ಳುವ ದ್ರವವಾದ್ದರಿಂದ ಒಲೆ, ದೀಪಗಳ ಹತ್ತಿರ ಇಡಬಾರದು.

ಅಸಲಿಯೋ ನಕಲಿಯೋ?

ಸೀಸೆಯ ಮೇಲೆ ಗಿಡದ ವೈಜ್ಞಾನಿಕ ಹೆಸರು, ಬಳಸಿದ ಭಾಗ, ಬೆಳೆದ ದೇಶ ಇವುಗಳ ವಿವರವಿರಬೇಕು. 'ಫ್ರಾಗ್ರೆನ್ಸ್ ಆಯಿಲ್' ಎಂದಿದ್ದರೆ ಅದು ಕೃತಕ ಪರಿಮಳದ ಎಣ್ಣೆಯಾಗಿರಬಹುದು. ವಿದ್ಯಾರ್ಥಿಗಳು ದೊಡ್ಡವರ ಜೊತೆಗೂಡಿ ಸರಳ ಪ್ರಯೋಗವೊಂದನ್ನು ಮಾಡಬಹುದು. ಬಿಳಿ ಕಾಗದದ ಮೇಲೆ ಒಂದು ಕಡೆ ಕೊಬ್ಬರಿ ಎಣ್ಣೆಯ ಹನಿ, ಇನ್ನೊಂದು ಕಡೆ ರೋಸ್ಮರಿ ತೈಲದ ಹನಿ ಹಾಕಿ ಒಂದು ದಿನ ಬಿಡಿ. ಕೊಬ್ಬರಿ ಎಣ್ಣೆಯ ಜಿಡ್ಡಿನ ಕಲೆ ಉಳಿಯುತ್ತದೆ. ಶುದ್ಧ ಸುಗಂಧ ತೈಲ ಆವಿಯಾಗಿ ಹೋಗಿ ಜಿಡ್ಡು ಉಳಿಯುವುದಿಲ್ಲ. ಜಿಡ್ಡು ಕಂಡರೆ ಬೇರೆ ಎಣ್ಣೆ ಬೆರೆತಿದೆ ಎಂದರ್ಥ. ಆದರೆ ಅಗ್ಗದ ನೀಲಗಿರಿ ತೈಲವನ್ನು ಬೆರೆಸಿದ್ದರೆ ಈ ಪರೀಕ್ಷೆಗೆ ಅದು ಸಿಕ್ಕುವುದಿಲ್ಲ, ಏಕೆಂದರೆ ಅದೂ ಆವಿಯಾಗುತ್ತದೆ. ಅದನ್ನು ಹಿಡಿಯಲು ಪ್ರಯೋಗಶಾಲೆಯ ಗ್ಯಾಸ್ ಕ್ರೊಮ್ಯಾಟೋಗ್ರಫಿ ಬೇಕು.

ನೆನಪಿನಲ್ಲಿಡಿ

* ಸುಗಂಧ ತೈಲವನ್ನು ಕುಡಿಯಬಾರದು, ಮಕ್ಕಳಿಗೆ ಕುಡಿಸಬಾರದು.
* ಹಸುಗೂಸು ಮತ್ತು ಚಿಕ್ಕ ಮಕ್ಕಳ ಮುಖ, ಮೂಗು, ಎದೆಗೆ ಹಚ್ಚಬಾರದು.
* ಮೂರ್ಛೆರೋಗವಿರುವವರು ಬಳಸಬಾರದು. ಅಸ್ತಮಾ ಇರುವವರು ವೈದ್ಯರನ್ನು ಕೇಳಬೇಕು.
* ಮಗು ತೈಲ ನುಂಗಿದರೆ ವಾಂತಿ ಮಾಡಿಸಲು ಹೋಗದೆ, ಸೀಸೆಯನ್ನೂ ಜೊತೆಗೆ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಬೇಕು.
* ಪರೀಕ್ಷೆಯ ತಯಾರಿಗೆ ಪುಸ್ತಕ ಮುಚ್ಚಿ ಬರೆದು ನೋಡುವುದು, ಹೊತ್ತಿಗೆ ಸರಿಯಾಗಿ ಮಲಗುವುದು ಮೊದಲು. ಪರಿಮಳ ಆಮೇಲೆ.